ಬಳೆ ಅಡವಿಡುವ ಮೊದಲು ವೀಸಾ ನೋಡಿ

ಸಹೋದರಿಯರೇ, ನಿಮ್ಮ ಮಗನೋ ತಮ್ಮನೋ ಶ್ರೀರಂಗಪಟ್ಟಣದಲ್ಲೋ ಮೈಸೂರಿನಲ್ಲೋ ಸಪ್ಲೈಯರ್ ಆಗಿ, ಅಡುಗೆಯವನಾಗಿ ಹೋಟೆಲ್ ಕೆಲಸ ಕಲಿತಿರಬಹುದು. ಈಗ ಅವನಿಗೆ ದುಬೈಗೆ ಹೋಗುವ ಆಸೆ. "ಮೊದಲು ವಿಸಿಟ್ ವೀಸಾದಲ್ಲಿ ಹೋಗಲಿ, ಕೆಲಸಕ್ಕೆ ಸೇರಿದ ಮೇಲೆ ವೀಸಾ ಬದಲಾಯಿಸಿಕೊಳ್ಳಬಹುದು" ಎನ್ನುತ್ತಾನೆ ಏಜೆಂಟ್. ಅವನು ಕೇಳಿದ ಹಣ ಹೊಂದಿಸಲು ಮನೆಯ ಹೆಂಗಸರ ಬಳೆ, ಸರ ಅಡವಿಗೆ ಹೋಗುತ್ತವೆ. ಆದ್ದರಿಂದ ಈ ವಿಷಯವನ್ನು ನೀವು ತಿಳಿದಿರಲೇಬೇಕು.

ಕಾನೂನು ಬದಲಾಗಿದೆ

ಹಿಂದೆ ವಿಸಿಟ್ ವೀಸಾದಲ್ಲಿ ಹೋಗಿ ಹೋಟೆಲಿನಲ್ಲಿ ದುಡಿಯುತ್ತಿದ್ದವರು ಅನೇಕರು. 2024ರ ಆಗಸ್ಟ್‌ನಲ್ಲಿ ಯು.ಎ.ಇ. ಸರಕಾರ ಕಾನೂನನ್ನು ಬಿಗಿ ಮಾಡಿತು. ಪರ್ಮಿಟ್ ಇಲ್ಲದವರನ್ನು ದುಡಿಸಿಕೊಳ್ಳುವ ಮಾಲಿಕನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್ ದಂಡ. ಮೊದಲು ಇದು 50 ಸಾವಿರದಿಂದ 2 ಲಕ್ಷದವರೆಗೆ ಇತ್ತು. ಒಬ್ಬ ಪಾತ್ರೆ ತೊಳೆಯುವವನಿಗಾಗಿ ಇಷ್ಟು ದೊಡ್ಡ ಅಪಾಯವನ್ನು ಯಾವ ಹೋಟೆಲಿನವನು ತಾನೇ ಮೈಮೇಲೆ ಎಳೆದುಕೊಂಡಾನು? ಕೆಲಸ ಸಿಗದೆ ವೀಸಾದ ಅವಧಿ ಮುಗಿದರೆ ಹುಡುಗನ ಮೇಲೆ ದಿನದಿನಕ್ಕೂ ದಂಡ ಏರುತ್ತದೆ. ಇತ್ತ ಊರಿನಲ್ಲಿ ಅಡವಿನ ಬಡ್ಡಿಯೂ ಏರುತ್ತದೆ.

ಸೌದಿಯಲ್ಲಿ 2011ರಿಂದ ನಿತಾಖತ್ ಪದ್ಧತಿ ಇದೆ. ಸ್ಥಳೀಯರನ್ನು ಸಾಕಷ್ಟು ನೇಮಿಸದ ಕಂಪೆನಿಗೆ ಹೊಸ ವೀಸಾ ಸಿಗುವುದಿಲ್ಲ. ಹೋಟೆಲ್ ಮ್ಯಾನೇಜರ್ ಸೇರಿದಂತೆ ಪ್ರವಾಸೋದ್ಯಮದ 41 ಹುದ್ದೆಗಳಲ್ಲಿ ಸೌದಿ ಪ್ರಜೆಗಳ ಪಾಲನ್ನು ನಿಗದಿ ಮಾಡುವುದಾಗಿ ಆ ಸರಕಾರ 2025ರಲ್ಲಿ ಪ್ರಕಟಿಸಿತು.

ಎಲ್ಲ ಬದಲಾವಣೆಗಳೂ ನಮಗೆ ವಿರುದ್ಧವಾಗಿಲ್ಲ. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಯು.ಎ.ಇ. ಕಾರ್ಮಿಕ ಕಾನೂನಿನಂತೆ ಮಾಲಿಕ ನೌಕರನ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ, ನೇಮಕದ ಖರ್ಚನ್ನು ನೌಕರನಿಂದ ವಸೂಲು ಮಾಡುವಂತಿಲ್ಲ. ಕತಾರ್‌ನಲ್ಲಿ 2020ರಿಂದ ಹಳೆಯ ಮಾಲಿಕನ ಒಪ್ಪಿಗೆ ಪತ್ರವಿಲ್ಲದೆಯೇ ಬೇರೆ ಕೆಲಸಕ್ಕೆ ಸೇರಬಹುದು. ಆದರೆ ಈ ರಕ್ಷಣೆ ಸರಿಯಾದ ಕೆಲಸದ ವೀಸಾದಲ್ಲಿ ಹೋದವನಿಗೆ ಮಾತ್ರ.

ಎಸ್ಸೆಸ್ಸೆಲ್ಸಿಯ ಬೆಲೆ

ನಮ್ಮ ದೇಶದ 1983ರ ವಲಸೆ ಕಾಯಿದೆಯಡಿ, ಹತ್ತನೇ ತರಗತಿ ಪಾಸಾಗದವರು ಗಲ್ಫ್ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರಕಾರದ ಅನುಮತಿ ಬೇಕು. ಇಂತಹ ಪಾಸ್‌ಪೋರ್ಟ್ ಇರುವ 30 ವರ್ಷದೊಳಗಿನ ಹೆಂಗಸರಿಗೆ ಕ್ಲೀನಿಂಗ್, ಮನೆಗೆಲಸಗಳಿಗೆ ಅನುಮತಿ ಸಿಗುವುದೇ ಇಲ್ಲ. "ನಾನು ಕಳಿಸಿಕೊಡುತ್ತೇನೆ" ಎಂದು ಯಾರಾದರೂ ಮುಂದೆ ಬಂದರೆ ಎಚ್ಚರವಿರಲಿ.

ಓದು ಬಿಡಿಸಿ ಹೋಟೆಲಿಗೆ ಸೇರಿಸುವ ಮೊದಲು ಮಗನ ಎಸ್ಸೆಸ್ಸೆಲ್ಸಿ ಮುಗಿಸಿಸಿ. ಪಾಸ್‌ಪೋರ್ಟ್ ಮಾಡಿಸುವಾಗ ಅಂಕಪಟ್ಟಿ ಕೊಡುವುದನ್ನು ಮರೆಯಬೇಡಿ. ಇದಕ್ಕಾಗಿ ಬೆಂಗಳೂರಿಗೇ ಅಲೆಯಬೇಕಾಗಿಲ್ಲ. 2017ರ ಜನವರಿಯಲ್ಲೇ ಮೈಸೂರಿನ ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಕೇಂದ್ರ ಆರಂಭವಾಗಿದೆ.

ಹಣ ಕೊಡುವ ಮೊದಲು

* ಏಜೆಂಟನ ಲೈಸೆನ್ಸ್ ನಂಬರ್ ಕೇಳಿ. ಕೇಂದ್ರ ಸರಕಾರದ 'ಇ-ಮೈಗ್ರೇಟ್' ತಾಣದಲ್ಲಿ ಅವನ ಹೆಸರಿದೆಯೇ ಎಂದು ಓದುಬರಹ ಬಲ್ಲ ಮಕ್ಕಳಿಂದ ನೋಡಿಸಿ.
* ಲೈಸೆನ್ಸ್ ಇರುವ ಏಜೆಂಟ್ ಪಡೆಯಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಜಿ.ಎಸ್.ಟಿ. ರಶೀದಿ ಕೇಳಿ ಪಡೆಯಿರಿ.
* ವೀಸಾದಲ್ಲಿ ಯಾವ ಕೆಲಸ ಎಂದು ಬರೆದಿದೆ, ಕರಾರಿನಲ್ಲಿ ಸಂಬಳ, ಊಟ, ವಸತಿ, ರಜೆ ಏನಿದೆ ಎಂಬುದನ್ನು ಓದಿಸಿ ಕೇಳಿ. ಪ್ರತಿಯೊಂದು ಕಾಗದದ ನಕಲು ಮನೆಯಲ್ಲಿರಲಿ.
* ಪ್ರವಾಸಿ ಭಾರತೀಯ ಬಿಮಾ ಯೋಜನೆ ಮಾಡಿಸಿ. ಎರಡು ವರ್ಷಕ್ಕೆ 275 ರೂಪಾಯಿ ಕಂತು. ಅಪಘಾತದಲ್ಲಿ ಸಾವು ಸಂಭವಿಸಿದರೆ 10 ಲಕ್ಷ ರೂಪಾಯಿ ಕುಟುಂಬಕ್ಕೆ ಸಿಗುತ್ತದೆ.

ಏಜೆಂಟ್ ಅವಸರ ಮಾಡಿದರೆ, "ನಾಳೆಯೇ ಹಣ ಕೊಡದಿದ್ದರೆ ವೀಸಾ ಕೈತಪ್ಪುತ್ತದೆ" ಎಂದು ಹೆದರಿಸಿದರೆ, ಬಳೆಗಳನ್ನು ಬೀರುವಿನಲ್ಲೇ ಇಡಿ. ಸರಿಯಾದ ವೀಸಾ ಬರುವವರೆಗೆ ಹುಡುಗ ಊರಿನಲ್ಲೇ ನಾಲ್ಕು ತಿಂಗಳು ಹೆಚ್ಚು ದುಡಿದರೆ ನಷ್ಟವೇನೂ ಇಲ್ಲ.