ಮೂರೂವರೆ ಗಂಟೆಯ ಎರಡು ದಾರಿಗಳು

ಗುರುವಾರ ರಾತ್ರಿ ಹನ್ನೊಂದು ದಾಟಿದ ಮೇಲೆ ನೈಫ್ ರಸ್ತೆಯ ಅಂಗಡಿಗಳ ಶಟರುಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಆ ಹೊತ್ತಿಗೆ ನಮ್ಮ ಕೋಣೆಯ ಬಾಗಿಲ ಬಳಿ ನೀರಿನ ಕ್ಯಾನು, ಸಣ್ಣ ಗ್ಯಾಸ್ ಒಲೆ, ಎರಡು ಚಾಪೆ, ಮಸಾಲೆ ಸವರಿಟ್ಟ ಕೋಳಿ, ಒಂದು ಕಟ್ಟು ಕುಬ್ಬೂಸ್ ಸಿದ್ಧವಾಗಿರುತ್ತವೆ. ಬಾಡಿಗೆಯ ಕಾರು ಕೆಳಗೆ ಬಂದು ನಿಂತಿದೆಯೆಂದು ಉಪ್ಪಳದವರು ಫೋನು ಮಾಡುತ್ತಾರೆ. ಇನ್ನೆರಡು ಗಂಟೆಗಳಲ್ಲಿ ನಾವು ರಾಸ್ ಅಲ್ ಖೈಮಾದ ಜೈಸ್ ಬೆಟ್ಟದ ತಿರುವುಗಳಲ್ಲಿರುತ್ತೇವೆ.

ನೈಫ್ ಎಂದರೆ ದುಬೈಯ ದೇರಾ ಭಾಗದ ಹಳೆಯ ಪೇಟೆ. 1939ರಲ್ಲಿ ಕಟ್ಟಿದ ಕೋಟೆ ಇಲ್ಲಿದೆ. 1956ರಲ್ಲಿ ದುಬೈ ಪೊಲೀಸ್ ವ್ಯವಸ್ಥೆ ಆರಂಭವಾದದ್ದು ಆ ಕೋಟೆಯೊಳಗೆ. ಈಗ ಅದರ ಸುತ್ತಲೂ ಸಗಟು ಬಟ್ಟೆ, ಗಡಿಯಾರ, ಮೊಬೈಲು, ಅತ್ತರಿನ ಅಂಗಡಿಗಳು. ಅವುಗಳ ಮೇಲಂತಸ್ತುಗಳಲ್ಲಿ ನಮ್ಮಂತಹವರ ಬೆಡ್‌ಸ್ಪೇಸುಗಳು. ಭಟ್ಕಳ, ಮಂಗಳೂರು, ಕಾಸರಗೋಡು ಕಡೆಯವರು ಇಲ್ಲಿ ಎಷ್ಟಿದ್ದಾರೆಂದರೆ, ಒಂದು ಸಂಜೆ ರಸ್ತೆಯುದ್ದಕ್ಕೂ ನಡೆದರೆ ತುಳು, ಬ್ಯಾರಿ, ನವಾಯತಿ, ಕನ್ನಡ ನಾಲ್ಕೂ ಕಿವಿಗೆ ಬೀಳುತ್ತವೆ. ಕೋಣೆಯಲ್ಲಿ ಊರಿನ ಹೆಸರೇ ಮನುಷ್ಯನ ಹೆಸರು. ಉಪ್ಪಳ, ಭಟ್ಕಳ, ಉಪ್ಪಿನಂಗಡಿ, ಕೊಪ್ಪ, ನಾನು ಬೈಂದೂರು. ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ.

2022ರ ಜನವರಿಯಿಂದ ಇಲ್ಲಿನ ಸರ್ಕಾರಿ ಕಚೇರಿಗಳ ವಾರಾಂತ್ಯ ಶನಿವಾರ, ಭಾನುವಾರಗಳಿಗೆ ಸರಿಯಿತು. ಶುಕ್ರವಾರ ಅರ್ಧ ದಿನದ ಕೆಲಸ. ಆದರೆ ಆ ಗಾಳಿ ನಮ್ಮ ಅಂಗಡಿಗಳವರೆಗೆ ಬೀಸಲಿಲ್ಲ. ನಮ್ಮ ಐವರಿಗೂ ರಜೆ ಶುಕ್ರವಾರ ಮಾತ್ರ. ಆ ಒಂದೇ ದಿನವನ್ನು ನಿದ್ದೆ, ಬಟ್ಟೆ ಒಗೆತ, ಊರಿಗೆ ಫೋನುಗಳಲ್ಲಿ ಮುಗಿಸಿಬಿಡುವುದು ಸುಲಭ. ನಾನೂ ಮೊದಲ ಐದು ವರ್ಷ ಹಾಗೆಯೇ ಮುಗಿಸಿದೆ. ಕೊಪ್ಪದವರು ಕೋಣೆಗೆ ಬಂದ ಮೇಲೆ ಈ ರಾತ್ರಿಯ ಪಯಣಗಳು ಆರಂಭವಾದವು. ಮಲೆನಾಡಿನವರಿಗೆ ಬೆಟ್ಟ ಕಾಣದಿದ್ದರೆ ಊಟ ಸೇರುವುದಿಲ್ಲವೆಂದು ತೋರುತ್ತದೆ.

ಜೈಸ್ ಬೆಟ್ಟದ ಎತ್ತರ ಸುಮಾರು 1,934 ಮೀಟರು. ನಮ್ಮ ಮುಳ್ಳಯ್ಯನಗಿರಿ 1,930. ಈ ಲೆಕ್ಕ ಕೇಳಿದಂದಿನಿಂದ ಕೊಪ್ಪದವರಿಗೆ ಆ ಬೆಟ್ಟದ ಮೇಲೆ ಹಕ್ಕು ಬಂದಂತಾಗಿದೆ. ಆದರೆ ಹೋಲಿಕೆ ಅಲ್ಲಿಗೇ ಮುಗಿಯುತ್ತದೆ. ಅಲ್ಲಿ ಹುಲ್ಲುಗಾವಲು, ಶೋಲಾ ಕಾಡು, ಮಂಜು. ಇಲ್ಲಿ ಹಜರ್ ಪರ್ವತಸಾಲಿನ ಬೆತ್ತಲೆ ಬಂಡೆ, ಅಲ್ಲೊಂದು ಇಲ್ಲೊಂದು ಮೇಕೆ, ಬುಡದವರೆಗೂ ಕಾಣುವ ರಸ್ತೆಯ ಬಳಕು. 2017ರ ಫೆಬ್ರುವರಿಯಲ್ಲಿ ಇದರ ನೆತ್ತಿಯ ಮೇಲೆ ಹಿಮ ಬಿದ್ದಿತ್ತು. ಚಳಿಗಾಲದ ರಾತ್ರಿ ನಾವು ಕಂಬಳಿ ಹೊದ್ದು, ಒಲೆಯ ಮೇಲೆ ಸುಲೈಮಾನಿ ಕುದಿಸುತ್ತ ಕುಳಿತರೆ, ನೈಫ್‌ನ ಕೋಣೆಯಲ್ಲಿ ಬಂಕ್ ಮಂಚದ ಮೇಲೆ ಮಲಗಿದಾಗ ಮೂಗಿಗೆ ಎರಡಡಿ ದೂರದಲ್ಲಿರುವ ಮೇಲಿನ ಹಲಗೆ ನೆನಪಿಗೆ ಬಂದು ನಗು ಬರುತ್ತದೆ. ತಲೆಯ ಮೇಲೆ ಏನೂ ಇಲ್ಲದಿರುವುದೇ ಒಂದು ಐಶ್ವರ್ಯ.

ಊರಿನ ಬಂಧುಗಳು ನೋಡುವುದು ಮರುದಿನದ ವಾಟ್ಸಾಪ್ ಸ್ಟೇಟಸ್ಸನ್ನು. ಕಪ್ಪು ಕನ್ನಡಕ, ಹಿಂದೆ ಸೂರ್ಯೋದಯ, ಪಕ್ಕದಲ್ಲಿ ಬಿಳಿ ಕಾರು. “ವಾರ ವಾರ ಟೂರ್ ಮಾರಾಯಾ, ನಿಂಗೇನ್ ಕಮ್ಮಿ” ಎಂದು ಭಾವ ಬರೆಯುತ್ತಾರೆ. ವಾರ ವಾರವಲ್ಲ, ತಿಂಗಳಿಗೊಮ್ಮೆ. ಅದೂ ನವೆಂಬರಿನಿಂದ ಮಾರ್ಚಿನವರೆಗೆ. ಕಾರಿನ ಬಾಡಿಗೆ, ಪೆಟ್ರೋಲು, ಸಾಲಿಕ್ ಸುಂಕ, ಕೋಳಿ ಎಲ್ಲ ಕೂಡಿಸಿ ಐದು ಪಾಲು ಮಾಡಿದರೆ ನಮಗೆ ಬೀಳುವುದು ತಲೆಗೆ ನಲವತ್ತೈದು, ಐವತ್ತು ದಿರ್ಹಮ್. ಡ್ರೈವಿಂಗ್ ಲೈಸೆನ್ಸು ನಮ್ಮಲ್ಲಿರುವುದು ಉಪ್ಪಳದವರಿಗೊಬ್ಬರಿಗೇ. ಸಾವಿರಾರು ದಿರ್ಹಮ್ ಸುರಿದು ಅದನ್ನು ಪಡೆಯುವ ಧೈರ್ಯ ಉಳಿದ ನಾಲ್ವರಿಗೆ ಇನ್ನೂ ಬಂದಿಲ್ಲ.

ಬೇಸಗೆಯಲ್ಲಿ ಈ ಎಲ್ಲಕ್ಕೂ ಬೀಗ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವುದನ್ನು ಕಾನೂನೇ ನಿಷೇಧಿಸಿದೆಯೆಂದ ಮೇಲೆ ವಿಹಾರದ ಮಾತೆಲ್ಲಿ? ಆಗ ನಮ್ಮ ಪ್ರವಾಸವೆಂದರೆ ಒಂದು ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ಖಾರಿಯ ಆಚೆ ದಡಕ್ಕೆ ಹೋಗಿ ಬರುವುದು. ಮಳೆ ಬಂದಾಗಲೂ ಎಚ್ಚರ ಬೇಕು. ಹತ್ತಾ, ರಾಸ್ ಅಲ್ ಖೈಮಾ ಕಡೆಯ ಕಣಿವೆಗಳಲ್ಲಿ, ಇಲ್ಲಿಯವರು ವಾದಿ ಎನ್ನುವ ಒಣ ಹಳ್ಳಗಳಲ್ಲಿ, ನೋಡನೋಡುತ್ತಿದ್ದಂತೆ ನೀರು ನುಗ್ಗುತ್ತದೆ. 2023ರಿಂದ, ನೀರೇರಿದ ವಾದಿಗೆ ವಾಹನ ಇಳಿಸಿದವರಿಗೆ 2,000 ದಿರ್ಹಮ್ ದಂಡ, 23 ಕಪ್ಪು ಅಂಕ, ಅರುವತ್ತು ದಿನ ವಾಹನ ಜಪ್ತಿ. ಮಳೆಯೆಂದರೆ ಹಳ್ಳದ ಬದಿಗೆ ಓಡುವ ನಮ್ಮ ಕಡೆಯ ಹುಡುಗರು ಹೊಸದಾಗಿ ಬಂದಾಗ ಇದನ್ನು ಮೊದಲು ತಿಳಿದಿರಬೇಕು.

ಹೀಗಿದ್ದೂ ಮನಸ್ಸು ಬೆಟ್ಟದ ಬಳಿಯೇ ನಿಲ್ಲುವುದಿಲ್ಲ. ನಮ್ಮ ಕಟ್ಟಡದ ತಾರಸಿಯಿಂದ ವಿಮಾನಗಳು ಏರುವುದು, ಇಳಿಯುವುದು ಕಾಣುತ್ತದೆ. ಜಗತ್ತಿನ ಅತಿ ಗಿಜಿಗುಡುವ ನಿಲ್ದಾಣಗಳಲ್ಲಿ ಒಂದರ ನೆರೆಯಲ್ಲಿ ಹನ್ನೆರಡು ವರ್ಷದಿಂದ ಮಲಗೇಳುತ್ತಿದ್ದೇನೆ. ಆದರೂ ವಿಮಾನ ಹತ್ತಿದ್ದು ಮಂಗಳೂರಿಗೆ ಮಾತ್ರ. ದುಬೈಯ ಸ್ಮಾರ್ಟ್ ಗೇಟಿನಲ್ಲಿ ಮುದ್ರೆ ಒತ್ತುವ ಪದ್ಧತಿಯೂ ಇಲ್ಲದ್ದರಿಂದ, 2023ರವರೆಗೆ ನನ್ನ ಪಾಸ್‌ಪೋರ್ಟು ಒಂದೇ ಊರಿನ ಹೆಸರನ್ನು ಮತ್ತೆ ಮತ್ತೆ ಬರೆದ ಕಾಪಿಪುಸ್ತಕದಂತಿತ್ತು.

ನನಗೆ ಜಾರ್ಜಿಯಾ ನೋಡಬೇಕು. ಕಾರಣ ಕೇಳಿದರೆ ದೊಡ್ಡದೇನಿಲ್ಲ. ಐದು ಸಾವಿರ ಮೀಟರು ಮೀರಿದ ಕಜ್ಬೆಕ್ ಶಿಖರದ ಚಿತ್ರವೊಂದನ್ನು ಅಂಗಡಿಯ ಕ್ಯಾಲೆಂಡರಿನಲ್ಲಿ ಒಂದು ವರ್ಷವಿಡೀ ನೋಡಿದೆ, ಅಷ್ಟೆ. ಇಲ್ಲಿನ ವಾಸದ ಪರವಾನಗಿಯಿದ್ದ ಭಾರತೀಯರು ಅಲ್ಲಿಗೆ ವೀಸಾ ಇಲ್ಲದೆ ಹೋಗಬಹುದು. ಯುರೋಪಿನ ಶೆಂಗೆನ್ ವೀಸಾಕ್ಕೆ ಬೇಕಾಗುವ ಸಂಬಳದ ಪತ್ರ, ಬ್ಯಾಂಕಿನ ಲೆಕ್ಕ, ಮಾಲೀಕರ ಒಪ್ಪಿಗೆಪತ್ರಗಳ ಕಟ್ಟು ಬೇಡ. ವಿಮಾನದಲ್ಲಿ ಟಿಬಿಲಿಸಿಗೆ ಸುಮಾರು ಮೂರೂವರೆ ಗಂಟೆ. ಮಂಗಳೂರಿಗೂ ಹೆಚ್ಚುಕಡಿಮೆ ಅಷ್ಟೇ. ಒಂದು ಉತ್ತರಕ್ಕೆ, ಇನ್ನೊಂದು ಆಗ್ನೇಯಕ್ಕೆ. ಹೋಗುವುದಕ್ಕೆ ಇರುವ ರಜೆ ಮಾತ್ರ ಒಂದೇ.

ಇಲ್ಲಿಗೆ ಬರಬೇಕೆಂದಿರುವವರಿಗೆ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆಫರ್ ಲೆಟರು ಕೈಗೆ ಬಂದಾಗ ಎಲ್ಲರೂ ಸಂಬಳದ ಅಂಕಿ ನೋಡುತ್ತಾರೆ. ವೃತ್ತಿಯ ಹೆಸರನ್ನೂ ನೋಡಿ. ಒಮಾನ್, ಸೌದಿಗಳಿಗೆ ಹೋಗಬೇಕಾದರೆ ಹಿಂದೆ ಗುರುತಿನ ಚೀಟಿಯ ಆ ಒಂದು ಪದವೇ ಬಾಗಿಲು ತೆಗೆಯುತ್ತಿತ್ತು ಅಥವಾ ಮುಚ್ಚುತ್ತಿತ್ತು. ಸೌದಿ 2023ರ ಮಾರ್ಚಿನಲ್ಲಿ ಪ್ರವಾಸಿ ವೀಸಾಕ್ಕೆ ಈ ನಿಯಮವನ್ನು ಕೈಬಿಟ್ಟಿತು. ಆದರೂ ಲೆಕ್ಕಿಗನಾಗಿ ದುಡಿಯುವವನ ಚೀಟಿಯಲ್ಲಿ ಹಮಾಲಿಯೆಂದಿದ್ದರೆ, ಬ್ಯಾಂಕಿನಿಂದ ವೀಸಾ ಕಚೇರಿಯವರೆಗೆ ಎಲ್ಲೆಡೆ ಅದಕ್ಕೆ ವಿವರಣೆ ಕೊಡುತ್ತಿರಬೇಕಾಗುತ್ತದೆ. ಕಾನೂನಿನ ಪ್ರಕಾರ ವರ್ಷ ತುಂಬಿದವರಿಗೆ ಮೂವತ್ತು ದಿನಗಳ ಸಂಬಳಸಹಿತ ರಜೆಯಿದೆ. ಅದನ್ನು ಯಾವಾಗ ಕೊಡುತ್ತಾರೆಂದೂ ಮೊದಲೇ ಕೇಳಿಕೊಳ್ಳಿ.

ನನ್ನ ಮೂವತ್ತು ದಿನಗಳು ಯಾರಿಗೆ ಸೇರಿದವು ಎಂಬುದು 2020ರಲ್ಲಿ ತೀರ್ಮಾನವಾಗಿತ್ತು. ಆ ಏಪ್ರಿಲಿನಲ್ಲಿ ದುಬೈಯಲ್ಲಿ ಹಗಲಿರುಳೂ ಸಂಚಾರಕ್ಕೆ ನಿರ್ಬಂಧ. ನೈಫ್ ರಸ್ತೆಯಲ್ಲಿ ಪಾರಿವಾಳಗಳು ಮಾತ್ರ ಓಡಾಡುತ್ತಿದ್ದವು. ಅದೇ ತಿಂಗಳು ಊರಿನಲ್ಲಿ ಅಪ್ಪಯ್ಯ ತೀರಿಕೊಂಡರು. ಮಾರ್ಚಿನ ಕೊನೆಯ ಭಾಗದಿಂದಲೇ ಭಾರತಕ್ಕೆ ವಿಮಾನಗಳಿರಲಿಲ್ಲ. ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಹೊರಟದ್ದು ಮೇ 12ರಂದು. ಮೂರೂವರೆ ಗಂಟೆಯ ದಾರಿ ಎಷ್ಟು ಉದ್ದವಾಗಬಹುದೆಂದು ಆಗ ಕಂಡೆ. ಅಲ್ಲಿಂದೀಚೆಗೆ ಪ್ರತಿ ರಜೆಯ ಮೊದಲ ದಿನದಿಂದ ಕೊನೆಯ ದಿನದವರೆಗೂ ಅಮ್ಮನ ಬಳಿಯೇ ಇರುತ್ತೇನೆ. ಅಮ್ಮ ಫೋನಿನಲ್ಲಿ ಮೊದಲು ಕೇಳುವ ಪ್ರಶ್ನೆ ಬದಲಾಗಿಲ್ಲ: “ಯಾವಾಗ ಬಪ್ದ್ ಮಗಾ?” ಒಮ್ಮೆ ಜಾರ್ಜಿಯಾದ ಮಾತೆತ್ತಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಿ ನಮ್ಮೋರ್ ಯಾರ್ ಇದ್ರ್?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

2023ರ ಬಕ್ರೀದ್ ರಜೆ ವಾರಾಂತ್ಯಕ್ಕೆ ಕೂಡಿಕೊಂಡು ಬಂದಾಗ, ನಾವು ಐವರು ಕಾರಿಗೆ ಒಮಾನಿನ ವಿಮೆ ಮಾಡಿಸಿ, ಬಾಡಿಗೆ ಕಂಪನಿಯ ಅನುಮತಿಪತ್ರ ಹಿಡಿದು ಸಲಾಲಕ್ಕೆ ಹೊರಟೆವು. ಹೋಗುವ ದಾರಿಯೇ ಸುಮಾರು 1,200 ಕಿಲೋಮೀಟರು. ಅಲ್ ಐನ್ ಬಳಿ ಗಡಿ ದಾಟಿ, ಇಬ್ರಿ, ಆದಮ್, ಹೈಮಾ; ನೂರಾರು ಕಿಲೋಮೀಟರು ಮರಳು, ಅದೇ ಬಿಳಿ ಆಕಾಶ. ಥುಮ್ರೈತ್ ಕಳೆದು ಬೆಟ್ಟ ಇಳಿಯಲಾರಂಭಿಸಿದಾಗ ಎದುರಿನ ಗಾಜು ತೇವವಾಯಿತು. ಉಪ್ಪಳದವರು ವೈಪರ್ ಹಾಕಿದರು. ಯಾರೂ ಮಾತಾಡಲಿಲ್ಲ. ನಮ್ಮ ಮುಂಗಾರಿನ ಮಾರುತವೇ ಅರಬಿ ನಾಡಿನ ಈ ಒಂದು ಮೂಲೆಯನ್ನು ಮೂರು ತಿಂಗಳು ಜಿನುಗುಮಳೆಯಲ್ಲಿ ತೋಯಿಸುತ್ತದೆ. ಅಲ್ಲಿ ಅದಕ್ಕೆ ಖರೀಫ್ ಎಂದು ಹೆಸರು. ರಸ್ತೆಯ ಬದಿಯಲ್ಲಿ ಬಾಳೆಗೊನೆ, ಎಳನೀರು, ಪಪ್ಪಾಯಿಯ ಅಂಗಡಿಗಳು. ಹಿಂದೆ ತೆಂಗಿನ ತೋಟ. ಉಪ್ಪಿನಂಗಡಿಯವರು ಕಾರಿನಿಂದಿಳಿದು ಅಂಗಿ ಒದ್ದೆಯಾಗುವವರೆಗೂ ಸುಮ್ಮನೆ ನಿಂತಿದ್ದರು.

ವೀಡಿಯೋ ಕರೆಯಲ್ಲಿ ಆ ತೋಟ ತೋರಿಸಿದೆ. ಅಮ್ಮ ಕನ್ನಡಕ ಸರಿಪಡಿಸಿಕೊಂಡು ನೋಡಿ, “ಇದ್ ನಮ್ ಹಿತ್ಲೇ ಅಲ್ದಾ? ಇದನ್ನ್ ಕಾಂಬುಕೆ ಅಷ್ಟ್ ದೂರ ಹೋದ್ಯಾ?” ಎಂದು ನಕ್ಕರು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಸ್ವಲ್ಪ ಪಿಚ್ಚೆನಿಸಿತು. ಹನ್ನೆರಡು ಗಂಟೆಗೂ ಮೀರಿ ಕಾರಿನಲ್ಲಿ ಕುಳಿತು ನಾನು ತಲುಪಿದ್ದು ನಮ್ಮ ಹಿತ್ತಲಿಗೆ. ನೋಡಬೇಕೆಂದದ್ದು ನಾನು ಎಂದೂ ನೋಡದ್ದನ್ನು.

ಈ ವರ್ಷ ರಜೆಯ ಅರ್ಜಿ ಬರೆಯುವಾಗ ದಿನಗಳನ್ನು ಭಾಗ ಮಾಡಿದೆ. ಅಕ್ಟೋಬರಿನಲ್ಲಿ ಇಪ್ಪತ್ತೈದು ದಿನ ಊರು. ಉಳಿದ ಐದು ದಿನ ಕೊಪ್ಪದವರ ಜೊತೆ ಟಿಬಿಲಿಸಿ, ಕಜ್ಬೆಕ್. ಮಾಲೀಕರು ಸಹಿ ಹಾಕಿದರು. ಅಮ್ಮನಿಗೆ ಹೇಳುವುದಕ್ಕೆ ನನಗೆ ಮೂರು ವಾರ ಬೇಕಾಯಿತು. ಐದು ದಿನ ಕಡಿಮೆಯೆಂದು ಅಕ್ಕ ಮುನಿಸಿಕೊಂಡಿದ್ದಾಳೆ, ಅದು ನ್ಯಾಯವೇ. ಅಮ್ಮ ಮಾತ್ರ ಕಳೆದ ಶುಕ್ರವಾರ, ಆ ಊರಿನಲ್ಲಿ ಚಳಿ ಎಷ್ಟಿರುತ್ತದೆಂದು ಕೇಳಿದರು. ಬೆಟ್ಟದ ಮೇಲೆ ಹಿಮ ಇರಬಹುದು ಎಂದೆ. ಅಪ್ಪಯ್ಯ ಬೆಂಗಳೂರಿನ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ಕೊಂಡ ಉಣ್ಣೆಯ ಸ್ವೆಟರೊಂದು ಪೆಟ್ಟಿಗೆಯಲ್ಲಿದೆಯಂತೆ.

“ಬಂದಾಗ ತಕಂಡ್ ಹೋಗ್” ಎಂದರು. “ತೋಳ್ ಸ್ವಲ್ಪ ಉದ್ದ ಆತ್ತ್, ಮಡ್ಚ್ಕೊ.”