ಸಹಿ ಬೀಳದ ಆವಕ-ಜಾವಕ

ಬಾಗಲಕೋಟೆ, ಹುನಗುಂದ, ಇಳಕಲ್ಲ ಕಡೆಯ ಹಳೆಯ ಸಹಕಾರಿ ಸಂಘಗಳ ಕಪಾಟು ತೆಗೆದರೆ ಆವಕ-ಜಾವಕದ ವಹಿಗಳು ಸಿಗುತ್ತವೆ. ಬಂದ ಟಪಾಲು ಆವಕ, ಹೋದ ಟಪಾಲು ಜಾವಕ. ಪ್ರತಿ ಪತ್ರಕ್ಕೂ ಒಂದು ನಂಬರು, ತಾರೀಖು, ಯಾರಿಂದ, ಯಾರಿಗೆ, ವಿಷಯವೇನು ಎಂಬ ಕಾಲಂ. ಮೇಲಿನವರು ಪುಟ ನೋಡಿ ಕೆಳಗೆ ಸಹಿ ಹಾಕಿದರೆ ಆ ದಿನದ ಲೆಕ್ಕ ಮುಗಿಯಿತು. 'ನಿಮ್ಮ ಪತ್ರ ಬಂದೇ ಇಲ್ಲ' ಎಂದು ಯಾರಾದರೂ ತಕರಾರು ತೆಗೆದರೆ ವಹಿ ಬಿಚ್ಚಿ ತೋರಿಸಿದರೆ ಸಾಕಿತ್ತು.

ಈಗ ಆ ಪತ್ರಗಳಲ್ಲಿ ಬಹುಪಾಲು ಇ-ಮೇಲ್ ಆಗಿವೆ. ಆದರೂ ವಹಿ ನಿಂತಿಲ್ಲ. ಮೇಲ್ ಸರ್ವರ್ ಹಗಲು ರಾತ್ರಿ ಅದನ್ನು ತಾನೇ ಬರೆಯುತ್ತಿರುತ್ತದೆ. ಅದರ ಹೆಸರು ಮೇಲ್ ಲಾಗ್. ಕೈಬರಹದ ವಹಿಯಲ್ಲಿ ತಾರೀಖು ಮಾತ್ರ ಇರುತ್ತಿತ್ತು, ಇದರಲ್ಲಿ ಸೆಕೆಂಡಿನವರೆಗೆ ಹೊತ್ತು ಇರುತ್ತದೆ. ಇಲ್ಲದಿರುವುದು ಒಂದೇ, ನೋಡಿ ಸಹಿ ಹಾಕುವವರು. ನಮ್ಮ ಜಿಲ್ಲೆಯ ಬ್ಯಾಂಕು, ಕಾಲೇಜು, ಕಲ್ಲಿನ ಕಂಪನಿಗಳು ಸರ್ವರಿಗೆ ದುಡ್ಡು ಹಾಕಿವೆ, ಆಂಟಿವೈರಸ್‌ಗೆ ಹಾಕಿವೆ. ಸರ್ವರ್ ಬರೆದಿಡುವ ಸಾಲುಗಳನ್ನು ದಿನಕ್ಕೊಮ್ಮೆ ಓದುವ ಒಬ್ಬ ಮನುಷ್ಯನನ್ನು ಮಾತ್ರ ನೇಮಿಸಿಲ್ಲ. ಆ ಕೆಲಸಕ್ಕೆ ಹೊಸ ಯಂತ್ರ ಬೇಕಿಲ್ಲ, ಹೊಸ ಸಾಫ್ಟ್‌ವೇರ್ ಕೊಳ್ಳುವುದೂ ಬೇಕಿಲ್ಲ.

ಇಳಕಲ್ಲಿನ ಕೆಂಪು ಗ್ರಾನೈಟು ಹೊರದೇಶಗಳಿಗೆ ಹೋಗುತ್ತದೆ. ಬಾದಾಮಿಯ ಹೋಟೆಲುಗಳಿಗೆ ದೂರದ ಊರುಗಳಿಂದ ಬುಕಿಂಗ್ ಬರುತ್ತದೆ. ಇಳಕಲ್ಲ ಸೀರೆಯ ವ್ಯಾಪಾರಿಗಳ ಬಿಲ್ಲುಗಳೂ ಮೇಲ್‌ನಲ್ಲೇ ಓಡಾಡುತ್ತವೆ. ಈ ಮೂರೂ ಕಡೆ ಕೇಳಿಬರುವ ದೂರು ಒಂದೇ: "ನಾವು ಕಳಿಸೇವ್ರಿ ಸರ, ಅವ್ರು ಮುಟ್ಟಿಲ್ಲ ಅಂತಾರ್ರಿ." ಇದಕ್ಕೆ ಉತ್ತರ ಲಾಗ್‌ನಲ್ಲಿದೆ.

ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರನ್ನೇ ತೆಗೆದುಕೊಳ್ಳೋಣ. ವೀಟ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ಬರೆದು 1998ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಈ ಸಾಫ್ಟ್‌ವೇರ್ ಇಂದಿಗೂ ಪುಕ್ಕಟೆಯಾಗಿ ಸಿಗುತ್ತದೆ. ಒಂದು ಮೇಲ್ ಹೊರಟರೆ ಅದು ಸಾಮಾನ್ಯವಾಗಿ ಐದು ಸಾಲು ಬರೆಯುತ್ತದೆ. ಮೊದಲ ಸಾಲಿನಲ್ಲಿ ಮೇಲ್ ಯಾವ ಕಂಪ್ಯೂಟರಿನಿಂದ ಬಂತು, ಪಾಸ್‌ವರ್ಡ್ ಹಾಕಿ ಒಳಬಂದ ಖಾತೆ ಯಾವುದು ಎಂಬುದು ಇರುತ್ತದೆ. ಎರಡನೆಯದರಲ್ಲಿ ಆ ಪತ್ರದ ಸ್ವಂತ ಗುರುತು. ಮೂರನೆಯದರಲ್ಲಿ ಕಳಿಸಿದವರ ವಿಳಾಸ, ಗಾತ್ರ, ಎಷ್ಟು ಜನಕ್ಕೆ ಎಂಬ ಲೆಕ್ಕ. ನಾಲ್ಕನೆಯದೇ ನಮಗೆ ಬೇಕಾದದ್ದು: ಯಾರಿಗೆ, ಎದುರಿನ ಯಾವ ಸರ್ವರಿಗೆ ಒಪ್ಪಿಸಲಾಯಿತು, ಎಷ್ಟು ಸೆಕೆಂಡು ಹಿಡಿಯಿತು, ಏನಾಯಿತು. ಕೊನೆಯ ಸಾಲು 'ಸರತಿಯಿಂದ ತೆಗೆಯಲಾಗಿದೆ' ಎನ್ನುತ್ತದೆ. ಐದೂ ಸಾಲಿನಲ್ಲಿ ಒಂದೇ ಕ್ಯೂ ನಂಬರು ಇರುತ್ತದೆ. ನಡುವೆ ಬೇರೆ ಮೇಲ್‌ಗಳ ನೂರು ಸಾಲು ಬಂದಿದ್ದರೂ ಆ ನಂಬರು ಹಿಡಿದು ಹುಡುಕಿದರೆ ನಮ್ಮ ಪತ್ರದ ಇಡೀ ಕಥೆ ಒಂದೆಡೆ ಸಿಗುತ್ತದೆ.

ನಾಲ್ಕನೇ ಸಾಲಿನ ಕೊನೆಯಲ್ಲಿ ಮೂರು ಮಾತುಗಳಲ್ಲಿ ಒಂದು ಇರುತ್ತದೆ. 'ಸೆಂಟ್' ಇದ್ದರೆ ಎದುರಿನ ಸರ್ವರ್ ಪತ್ರವನ್ನು ಕೈಗೆ ತೆಗೆದುಕೊಂಡು 250 ಎಂಬ ಅಂಕಿಯ ರಸೀದಿ ಕೊಟ್ಟಿದೆ ಎಂದರ್ಥ. ಆ ಮೇಲೆ ಅದು ಇನ್‌ಬಾಕ್ಸಿಗೆ ಹಾಕಿತೋ ಸ್ಪ್ಯಾಮಿಗೆ ತಳ್ಳಿತೋ ನಮ್ಮ ಲಾಗಿಗೆ ತಿಳಿಯದು. ಆದರೂ ನಮ್ಮ ಕಡೆಯಿಂದ ತಪ್ಪಿಲ್ಲ ಎನ್ನಲು ಆ ರಸೀದಿ ಸಾಕು. 'ಬೌನ್ಸ್ಡ್' ಇದ್ದರೆ ಪತ್ರ ವಾಪಸು ಬಂದಿದೆ. 5ರಿಂದ ಶುರುವಾಗುವ ಕೋಡು ಅದರ ಕಾರಣ ಹೇಳುತ್ತದೆ. ಬಾದಾಮಿಯ ಹೋಟೆಲೊಂದು ಜಿಮೇಲ್ ಗಿರಾಕಿಗೆ ಕಳಿಸಿದ ಬುಕಿಂಗ್ ಖಾತ್ರಿಯ ಪಕ್ಕ 5.7.26 ಎಂದು ಕಂಡರೆ, ಆ ಹೋಟೆಲಿನ ಡೊಮೈನ್‌ಗೆ ಎಸ್‌ಪಿಎಫ್, ಡಿಕಿಮ್ ಎಂಬ ದೃಢೀಕರಣದ ವ್ಯವಸ್ಥೆ ಸರಿಯಾಗಿಲ್ಲ ಎಂದು ತಿಳಿಯಬೇಕು. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ಈ ವಿಷಯದಲ್ಲಿ ಬಿಗಿಯಾಗಿವೆ.

ಮೂರನೆಯ ಮಾತು 'ಡೆಫರ್ಡ್'. ಹೆಚ್ಚು ಮೋಸಹೋಗುವುದು ಇಲ್ಲೇ. ಪತ್ರ ಹೋಗಿಲ್ಲ, ವಾಪಸೂ ಬಂದಿಲ್ಲ, ಸರತಿಯಲ್ಲಿ ಕುಳಿತಿದೆ. ಪೋಸ್ಟ್‌ಫಿಕ್ಸ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ನಾವಾಗಿ ಬದಲಿಸದಿದ್ದರೆ ಐದು ದಿನದವರೆಗೆ. ಟೆಂಡರಿನ ಕೊನೆಯ ದಿನ ಬುಧವಾರ, ಸೋಮವಾರ ಕಳಿಸಿದ ಕಾಗದ ಶನಿವಾರ ವಾಪಸು ಬಂದರೆ ಏನು ಪ್ರಯೋಜನ? ಮಂಗಳವಾರ ಬೆಳಿಗ್ಗೆ ಯಾರಾದರೂ ಲಾಗ್ ನೋಡಿದ್ದರೆ ಫೋನು ಹಚ್ಚಿ ಬೇರೆ ದಾರಿ ಹುಡುಕಬಹುದಿತ್ತು.

ಇನ್ನು ಕಾಪಿಡುವ ಮಾತು. ಲಾಗ್ ಬೆಳೆಯುತ್ತಾ ಹೋದರೆ ಡಿಸ್ಕ್ ತುಂಬುತ್ತದೆ. ಅದಕ್ಕೆಂದು ಲಿನಕ್ಸ್‌ನಲ್ಲಿ ಲಾಗ್‌ರೊಟೇಟ್ ಎಂಬ ಸಣ್ಣ ಪ್ರೋಗ್ರಾಮು ವಾರಕ್ಕೊಮ್ಮೆ ಹಳೆಯ ಕಡತವನ್ನು ಬದಿಗಿಟ್ಟು ಹೊಸದನ್ನು ತೆರೆಯುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ರೂಢಿಯ ಸೆಟ್ಟಿಂಗ್ ಹೀಗಿದೆ: ವಾರಕ್ಕೊಂದರಂತೆ ನಾಲ್ಕು ಹಳೆಯ ಕಡತ, ಅದಕ್ಕಿಂತ ಹಿಂದಿನದು ಅಳಿಸಿಹೋಗುತ್ತದೆ. ಅಂದರೆ ಕೈಹಚ್ಚದೆ ಬಿಟ್ಟ ಸರ್ವರಿನಲ್ಲಿ ಹೆಚ್ಚುಕಡಿಮೆ ಒಂದು ತಿಂಗಳ ಆವಕ-ಜಾವಕ ಮಾತ್ರ ಇರುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಹೇಳುವುದು ಬೇರೆ. ಸಂಸ್ಥೆಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು, ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಲಾಗ್‌ರೊಟೇಟ್‌ನ ಸೆಟ್ಟಿಂಗಿನಲ್ಲಿ 4 ಇದ್ದಲ್ಲಿ 26 ಎಂದು ಬರೆದರೆ 182 ದಿನವಾಗುತ್ತದೆ. ಅಷ್ಟೇ ಕೆಲಸ. ಹಳೆಯ ಕಡತಗಳನ್ನು ಕುಗ್ಗಿಸಿಡುವುದರಿಂದ ಸಣ್ಣ ಕಚೇರಿಯ ಅರ್ಧ ವರ್ಷದ ಲಾಗ್ ಡಿಸ್ಕಿಗೆ ಭಾರವೇ ಅಲ್ಲ. ಅದರ ಒಂದು ಪ್ರತಿ ಬೇರೆ ಯಂತ್ರದಲ್ಲಿ ಇರಲೇಬೇಕು. ಸರ್ವರಿಗೆ ನುಗ್ಗಿದವನು ಮೊದಲು ಅಳಿಸಲು ನೋಡುವುದೇ ಲಾಗನ್ನು.

ಗಡಿಯಾರವೂ ಅಷ್ಟೇ ಮುಖ್ಯ. ಬಾದಾಮಿಯ ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ಬರೆಸಿದ ಶಾಸನಕ್ಕೆ ಶಕವರ್ಷ 500, ಕಾರ್ತಿಕದ ಹುಣ್ಣಿಮೆ ಎಂಬ ಗುರುತಿದೆ. ಆ ಒಂದು ಮಾತಿನಿಂದ ಇತಿಹಾಸಕಾರರು ಅದನ್ನು ಕ್ರಿ.ಶ. 578ಕ್ಕೆ ನಿಲ್ಲಿಸಿದರು, ಸುತ್ತಲಿನ ತೇದಿಯಿಲ್ಲದ ಕೆಲಸಗಳ ಕಾಲವನ್ನು ಅಳೆಯಲೂ ಅದೇ ಆಧಾರವಾಯಿತು. ಆದರೆ ಹಳೆಯ ಸಿಸ್‌ಲಾಗ್ ಪದ್ಧತಿಯ ಸಾಲಿನಲ್ಲಿ ತಿಂಗಳು, ತಾರೀಖು, ಹೊತ್ತು ಇರುತ್ತವೆ, ವರ್ಷವೇ ಇರುವುದಿಲ್ಲ! ಯಾವ ದೇಶದ ಹೊತ್ತು ಎಂಬುದೂ ಇರುವುದಿಲ್ಲ. ಬಾಡಿಗೆ ಸರ್ವರುಗಳು ಹಲವು ಸಲ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಓಡುತ್ತವೆ. ಅಲ್ಲಿ ಬೆಳಗಿನ 5 ಗಂಟೆ ಎಂದು ಬಿದ್ದದ್ದು ನಮ್ಮಲ್ಲಿ ಹತ್ತೂವರೆ, ಅಂದರೆ ಬ್ಯಾಂಕು ಬಾಗಿಲು ತೆರೆದ ಹೊತ್ತು. ಇದನ್ನು ಗಮನಿಸದೆ 'ನಸುಕಿನಲ್ಲಿ ಯಾರೋ ಲಾಗಿನ್ ಆಗಿದ್ದಾರೆ' ಎಂದು ಪಾಪದ ಗುಮಾಸ್ತನ ಮೇಲೆ ಅನುಮಾನ ಪಡುವುದು ಅನ್ಯಾಯ. ವರ್ಷ, ಕಾಲವಲಯ ಎರಡನ್ನೂ ಬರೆಯುವ ಹೊಸ ಪದ್ಧತಿ ಬಂದಿದೆ, ಅದನ್ನೇ ಇಟ್ಟುಕೊಳ್ಳಬೇಕು. ಸರ್ವರಿನ ಗಡಿಯಾರವನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಬೇಕೆಂದೂ ಅದೇ 2022ರ ನಿರ್ದೇಶನ ಹೇಳುತ್ತದೆ.

ಸಾವಿರಾರು ಸಾಲನ್ನು ದಿನವೂ ಓದುವವರು ಯಾರು? ಯಾರೂ ಓದಬೇಕಿಲ್ಲ. ಪಿಎಫ್‌ಲಾಗ್‌ಸಮ್ ಎಂಬ ಪರ್ಲ್ ಪ್ರೋಗ್ರಾಮು ಬಹಳ ವರ್ಷಗಳಿಂದ ಈ ಕೆಲಸ ಮಾಡುತ್ತಾ ಬಂದಿದೆ. ನಸುಕಿನಲ್ಲಿ ತಾನಾಗಿ ಓಡುವಂತೆ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ಗೆ ಹೇಳಿಟ್ಟರೆ ನಿನ್ನೆಯ ಲೆಕ್ಕವನ್ನು ಮೇಲ್ ಮಾಡುತ್ತದೆ: ಎಷ್ಟು ಬಂದವು, ಎಷ್ಟು ಮುಟ್ಟಿದವು, ಎಷ್ಟು ಸರತಿಯಲ್ಲಿ ಉಳಿದವು, ಎಷ್ಟು ವಾಪಸಾದವು, ಯಾವ ತಾಸಿನಲ್ಲಿ ಎಷ್ಟು, ಯಾರು ಹೆಚ್ಚು ಕಳಿಸಿದರು. ತೊಂದರೆಗಳನ್ನೇ ಮೊದಲು ತೋರಿಸು ಎಂಬ ಆಯ್ಕೆಯೂ ಅದರಲ್ಲಿದೆ. ಅದನ್ನು ಹಾಕದೆ ಬಿಟ್ಟರೆ ಉದ್ದನೆಯ ವರದಿಯ ಮೊದಲ ಪುಟ ನೋಡಿ 'ಎಲ್ಲ ಸರಿ ಐತಿ' ಎಂದು ಮುಚ್ಚುವುದೇ ರೂಢಿಯಾಗುತ್ತದೆ.

ವರದಿ ಓದುವವರಿಗೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬಾರದು ಎಂದು ಕಲಿಸುವುದು ಇದರಲ್ಲಿ ಅತಿ ಮುಖ್ಯ ಎಂದು ನಾನು ನಂಬುತ್ತೇನೆ. ಇಂಟರ್ನೆಟ್ಟಿಗೆ ತೆರೆದ ಯಾವ ಮೇಲ್ ಸರ್ವರಾದರೂ ದಿನವಿಡೀ ಪ್ರಪಂಚದ ಮೂಲೆಮೂಲೆಯಿಂದ ಸುಳ್ಳು ಪಾಸ್‌ವರ್ಡುಗಳ ಬಡಿತ ತಿನ್ನುತ್ತಲೇ ಇರುತ್ತದೆ. ವಿಫಲ ಲಾಗಿನ್ ಸಾವಿರ ಇದ್ದರೂ ಅದು ದಿನನಿತ್ಯದ ಗದ್ದಲ. ಮೈಯೆಲ್ಲ ಕಣ್ಣಾಗಿ ನೋಡಬೇಕಾದದ್ದು ಸಫಲವಾದ ಒಂದೇ ಒಂದು ಲಾಗಿನ್ ಕಡೆಗೆ: ಹುನಗುಂದ ಶಾಖೆಯವರ ಖಾತೆ, ಒಳಬಂದ ವಿಳಾಸ ಮಾತ್ರ ಹೊರದೇಶದ್ದು. ದಿನಕ್ಕೆ ನಲವತ್ತು ಮೇಲ್ ಕಳಿಸುವ ಖಾತೆ ರಾತ್ರಿ ಎರಡು ಗಂಟೆಗೆ ನಾಲ್ಕು ಸಾವಿರ ಕಳಿಸಿದ್ದರೆ ಪಾಸ್‌ವರ್ಡ್ ಕಳವಾಗಿದೆ ಎಂದೇ ತಿಳಿಯಬೇಕು. ತಾಸುವಾರು ಲೆಕ್ಕ ಅದನ್ನು ಎತ್ತಿ ತೋರಿಸುತ್ತದೆ. ಹೀಗೆ ನಿನ್ನೆಗೂ ಮೊನ್ನೆಗೂ ಏನು ಬದಲಾಯಿತು ಎಂಬ ಐದಾರು ಸಾಲನ್ನು ಕನ್ನಡದಲ್ಲಿ ಬರೆಸಿ ಕಾರ್ಯದರ್ಶಿಗೆ ಮುಟ್ಟಿಸಬೇಕು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಮಕ್ಕಳು ಇಂಥದ್ದೊಂದು ಸ್ಕ್ರಿಪ್ಟನ್ನು ಒಂದು ಸೆಮಿಸ್ಟರಿನಲ್ಲಿ ಸಲೀಸಾಗಿ ಬರೆಯಬಲ್ಲರು. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1963ರಲ್ಲಿ, ಪ್ರತಿಭೆಗೆ ಇಲ್ಲಿ ಬರವಿಲ್ಲ.

ವರದಿಯನ್ನು ಅದೇ ಸರ್ವರಿನ ವಿಳಾಸಕ್ಕೆ ಮಾತ್ರ ಕಳಿಸುವಂತಿಲ್ಲ. ಸರ್ವರ್ ಕೆಟ್ಟ ದಿನ ವರದಿಯೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹೊರಗಿನ ಒಂದು ವಿಳಾಸಕ್ಕೂ ಹೋಗಬೇಕು, ಬೆಳಿಗ್ಗೆ ವರದಿ ಬರಲಿಲ್ಲ ಎಂದರೆ ಅದನ್ನೇ ಮೊದಲ ಅಪಾಯದ ಸೂಚನೆ ಎಂದು ಎಣಿಸಬೇಕು.

ಕಲ್ಲಿನ ವ್ಯಾಪಾರದಲ್ಲಿ ಲಾಗಿಗೆ ಬಹಳ ಬೆಲೆಯಿದೆ. ರಫ್ತುದಾರರನ್ನು ಎಲ್ಲೆಡೆ ಕಾಡುವ ವಂಚನೆಯ ದಾರಿ ಹೀಗಿರುತ್ತದೆ. ಮೋಸಗಾರ ಯಾರದೋ ಮೇಲ್ ಖಾತೆಗೆ ನುಗ್ಗಿ ಸದ್ದಿಲ್ಲದೆ ಪತ್ರವ್ಯವಹಾರ ಓದುತ್ತಾನೆ. ಹಣ ಬರುವ ಹೊತ್ತಿಗೆ ಸರಿಯಾಗಿ 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ' ಎಂದು ಖರೀದಿದಾರನಿಗೆ ಬರೆಯುತ್ತಾನೆ. ಹಣ ಹೋದ ಮೇಲೆ ಎರಡೂ ಕಡೆಯವರು ಒಬ್ಬರನ್ನೊಬ್ಬರು ದೂರುತ್ತಾರೆ. ನಮ್ಮ ಜಾವಕದಲ್ಲಿ ಆ ಪತ್ರ ಇದೆಯೋ ಇಲ್ಲವೋ? ಇದ್ದರೆ ಯಾವ ವಿಳಾಸದಿಂದ ಒಳಬಂದು ಕಳಿಸಿದರು? ಇಲ್ಲದಿದ್ದರೆ ಅದು ನಮ್ಮ ಹೆಸರನ್ನೇ ಹೋಲುವ ಬೇರೆ ಡೊಮೈನಿನಿಂದ ಹೋಗಿರಬೇಕು, ಅಥವಾ ನಮ್ಮ ಹೆಸರನ್ನೇ ಯಾರೋ ಹೊರಗಿನಿಂದ ಹಾಕಿಕೊಂಡಿರಬೇಕು. ಹೊರಗಿನವರು ನಮ್ಮ ಹೆಸರು ಬಳಸಿದ್ದು ನಮ್ಮ ಲಾಗಿನಲ್ಲಿ ಕಾಣುವುದಿಲ್ಲ. ಅದಕ್ಕೆ ಡಿಮಾರ್ಕ್ ವರದಿ ಬೇಕು. ನಮ್ಮ ಡೊಮೈನಿನ ದಾಖಲೆಯಲ್ಲಿ ಒಂದು ಸಾಲು ಸೇರಿಸಿದರೆ ಗೂಗಲ್‌ನಂಥ ದೊಡ್ಡ ಮೇಲ್ ಸಂಸ್ಥೆಗಳು ನಮ್ಮ ಹೆಸರಿನಲ್ಲಿ ಯಾವ ಯಾವ ವಿಳಾಸದಿಂದ ಎಷ್ಟು ಮೇಲ್ ಬಂದವು ಎಂದು ದಿನವೂ ಲೆಕ್ಕ ಕಳಿಸುತ್ತವೆ. ಹೋಲುವ ಹೆಸರಿನ ಡೊಮೈನ್ ಮಾತ್ರ ಇದರ ಕೈಗೂ ಸಿಗುವುದಿಲ್ಲ. ಅಲ್ಲಿ ಫೋನು ಮಾಡಿ ಖಾತ್ರಿ ಮಾಡಿಕೊಳ್ಳುವುದೇ ಗತಿ.

ರಿಸರ್ವ್ ಬ್ಯಾಂಕು ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ 2019ರ ಡಿಸೆಂಬರ್ 31ರಂದು ಕೊಟ್ಟ ಸೈಬರ್ ಭದ್ರತೆಯ ಚೌಕಟ್ಟಿನಲ್ಲಿ ಬ್ಯಾಂಕಿನದೇ ಮೇಲ್ ಡೊಮೈನ್, ಅದಕ್ಕೆ ಡಿಮಾರ್ಕ್ ಇರಬೇಕೆಂಬುದನ್ನು ಅತಿ ಕೆಳಗಿನ ಹಂತದ ಬ್ಯಾಂಕುಗಳಿಗೂ ಹೇಳಿದೆ. ಇಷ್ಟಾದರೂ ಎಷ್ಟೋ ಸಂಸ್ಥೆಗಳಲ್ಲಿ ಮೇಲ್ ನೋಡಿಕೊಳ್ಳುವವರು ದೂರದ ಊರಿನ ಗುತ್ತಿಗೆದಾರರು. ಲಾಗ್ ಕೇಳಿದರೆ 'ಅದು ನಮ್ಮ ಕಡೆ ಇರ್ತೈತ್ರಿ, ನಿಮಗ್ಯಾಕ ಬೇಕು' ಎಂಬ ಉತ್ತರ ಬರುತ್ತದೆ. ಆ ಉತ್ತರವನ್ನು ಒಪ್ಪಬಾರದು. ಲಾಗ್ ಸಂಸ್ಥೆಯ ದಫ್ತರ, ಗುತ್ತಿಗೆದಾರರ ಸ್ವತ್ತಲ್ಲ. ಕರಾರಿನಲ್ಲೇ ಬರೆಸಬೇಕು: 180 ದಿನದ ಲಾಗ್, ದಿನದ ವರದಿ, ಕೇಳಿದಾಗ ಮೂಲ ಕಡತ. ಜೊತೆಗೆ ನಮ್ಮ ಜವಾಬ್ದಾರಿಯೂ ಇದೆ. ಲಾಗ್‌ನಲ್ಲಿ ಪತ್ರದ ಒಕ್ಕಣೆ ಇರುವುದಿಲ್ಲ, ಸಾಮಾನ್ಯವಾಗಿ ವಿಷಯದ ಸಾಲೂ ಇರುವುದಿಲ್ಲ. ಆದರೆ ಯಾರು ಯಾರಿಗೆ, ಎಷ್ಟು ಹೊತ್ತಿಗೆ ಬರೆದರು ಎಂಬುದೇ ಒಬ್ಬರ ಬದುಕಿನ ಬಗ್ಗೆ ಬಹಳ ಹೇಳಿಬಿಡುತ್ತದೆ. ನೋಡುವ ಅಧಿಕಾರ ಒಬ್ಬಿಬ್ಬರಿಗೆ ಇದ್ದರೆ ಸಾಕು, ಅವಧಿ ಮುಗಿದದ್ದನ್ನು ಅಳಿಸುವುದೂ ಕರ್ತವ್ಯವೇ.

ಬ್ಯಾಂಕುಗಳಿಗೆ ಈಗ ಇನ್ನೊಂದು ತುರ್ತು ಕೆಲಸವೂ ಬಂದಿದೆ. ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ 'ಬ್ಯಾಂಕ್ ಡಾಟ್ ಇನ್' ಡೊಮೈನಿಗೆ ಬರಬೇಕೆಂದು ರಿಸರ್ವ್ ಬ್ಯಾಂಕು ಹೇಳಿತು. ಸಹಕಾರಿ ಬ್ಯಾಂಕುಗಳೂ ಇದರಲ್ಲಿ ಸೇರಿವೆ. ವಿಳಾಸ ಬದಲಾಯಿತು, ಆದರೆ ಠೇವಣಿದಾರರು, ವಿಮಾ ಕಂಪನಿಗಳು, ಲೆಕ್ಕ ಪರಿಶೋಧಕರು ಹಳೆಯ ವಿಳಾಸಕ್ಕೆ ಬರೆಯುವುದನ್ನು ಒಂದೇ ದಿನದಲ್ಲಿ ನಿಲ್ಲಿಸುವುದಿಲ್ಲ. ಹಳೆಯ ಡೊಮೈನಿಗೆ ಈ ವಾರ ಯಾರು ಯಾರು ಬರೆದರು ಎಂಬ ಪಟ್ಟಿಯನ್ನು ಲಾಗಿನಿಂದ ತೆಗೆದು, ಒಬ್ಬೊಬ್ಬರಿಗೂ ಹೊಸ ವಿಳಾಸ ತಿಳಿಸಬೇಕು. ಆ ಪಟ್ಟಿ ವಾರದಿಂದ ವಾರಕ್ಕೆ ಸಣ್ಣದಾಗುತ್ತಾ ಬರುತ್ತದೆ. ಅದು ಪೂರ್ತಿ ಖಾಲಿಯಾದ ಮೇಲೂ ಹಳೆಯ ಡೊಮೈನಿನ ವಾರ್ಷಿಕ ಶುಲ್ಕ ಕಟ್ಟುವುದನ್ನು ಬಿಡಬಾರದು. ಬಿಟ್ಟರೆ ಆ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು, ಆಮೇಲೆ ಬ್ಯಾಂಕಿನ ಹೆಸರಿಗೆ ಬರುವ ಪತ್ರಗಳು ಅವರ ಆವಕಕ್ಕೆ ಹೋಗುತ್ತವೆ.