ಜೇಡಿಮಣ್ಣಿಗೆ ಕರೆಂಟು ಕೊಟ್ಟರೆ

ನವಿ ಮುಂಬಯಿ ಕಡೆ ಮನೆ ಮಾಡಿರುವ ನಮ್ಮವರು ಕಟ್ಟಡಗಳಿಗೆ ಪಾಯ ತೋಡುವುದನ್ನು ನೋಡಿಯೇ ಇರುತ್ತೀರಿ. ಮೇಲಿನ ಭರ್ತಿ ಮಣ್ಣು ಮುಗಿಯುತ್ತಲೇ ಎಷ್ಟೋ ಕಡೆ ಸಿಗುವುದು ಖಾಡಿಯ ಕಪ್ಪು ಜೇಡಿ. ಅದರೊಳಗೆ ನೀರು ಬೇಕಾದಷ್ಟಿದೆ, ಪಂಪು ಇಟ್ಟರೆ ಮಾತ್ರ ಬರುವುದಿಲ್ಲ. ಕಣಗಳ ನಡುವಿನ ಸಂದು ಅಷ್ಟು ಸಣ್ಣದು. ಮೇಲೆ ಮಣ್ಣಿನ ಗುಡ್ಡೆ ಹೇರಿ, ಒಳಗೆ ಬತ್ತಿಯಂಥ ಪಟ್ಟಿಗಳನ್ನು ಇಳಿಸಿ, ತಿಂಗಳುಗಟ್ಟಲೆ ಕಾಯುವುದೇ ವಾಡಿಕೆ.

ಈ ನೀರನ್ನು ಎಳೆಯುವ ಇನ್ನೊಂದು ದಾರಿ ಇನ್ನೂರು ವರ್ಷ ಹಳೆಯದು. 1807ರಲ್ಲಿ ಮಾಸ್ಕೋದಲ್ಲಿ ಪ್ರೊಫೆಸರಾಗಿದ್ದ ಜರ್ಮನ್ ಮೂಲದ ರಾಯ್ಸ್, ಹಸಿ ಜೇಡಿಯಲ್ಲಿ ಎರಡು ಗಾಜಿನ ಕೊಳವೆ ನೆಟ್ಟು, ನೀರು ತುಂಬಿ, ಬ್ಯಾಟರಿ ಜೋಡಿಸಿದ. ಋಣಧ್ರುವದ ಕೊಳವೆಯಲ್ಲಿ ನೀರು ಏರಿತು!

ಕಾರಣ ಇಷ್ಟೇ: ಜೇಡಿ ಕಣದ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಅದಕ್ಕೆ ಅಂಟಿಕೊಂಡಂತೆ ಸುತ್ತಲಿನ ನೀರಿನಲ್ಲಿ ಧನ ಅಯಾನುಗಳು ಸೇರಿರುತ್ತವೆ. ಕರೆಂಟು ಕೊಟ್ಟಾಗ ಅವು ಋಣಧ್ರುವದತ್ತ ಹೊರಟು, ಜೊತೆಗೆ ನೀರನ್ನೂ ಎಳೆದೊಯ್ಯುತ್ತವೆ. ಸಂದು ಎಷ್ಟು ಸಣ್ಣದು ಎಂಬುದು ಇಲ್ಲಿ ಹೆಚ್ಚು ಲೆಕ್ಕಕ್ಕಿಲ್ಲ. ನನಗೆ ಸೋಜಿಗ ಎನಿಸುವುದು ಇದೇ. ತನ್ನಷ್ಟಕ್ಕೆ ಇಳಿದರೆ ಗಟ್ಟಿ ಜೇಡಿಯಲ್ಲಿ ನೀರು ವರ್ಷಕ್ಕೆ ಸುಮಾರು 3 ಸೆಂಟಿಮೀಟರ್ ಸಾಗೀತು. ಮೀಟರಿಗೆ 50 ವೋಲ್ಟ್ ಕೊಟ್ಟರೆ ದಿನಕ್ಕೇ ಹೆಚ್ಚುಕಡಿಮೆ 2 ಸೆಂಟಿಮೀಟರ್. ಮರಳಿಗೆ ಇದರಿಂದ ಪ್ರಯೋಜನವಿಲ್ಲ, ಅಲ್ಲಿ ಪಂಪೇ ಸಾಕು.

ಇದನ್ನು ಪ್ರಯೋಗಶಾಲೆಯಿಂದ ಬಯಲಿಗೆ ತಂದವನು ಲಿಯೋ ಕಾಸಗ್ರಾಂಡೆ. 1939ರಲ್ಲಿ ಜರ್ಮನಿಯ ಸಾಲ್ಸ್‌ಗಿಟರ್‌ನಲ್ಲಿ ರೈಲು ಹಳಿಗಾಗಿ ನೆಲ ಕಡಿಯುವಾಗ, ಹಸಿ ಮಣ್ಣಿನ ದಡ ನಿಲ್ಲುತ್ತಿರಲಿಲ್ಲ. ಸರಳುಗಳನ್ನು ನೆಟ್ಟು ಕರೆಂಟು ಹರಿಸಿದಾಗ, ಕಡಿದ ಮುಖದತ್ತ ಒಸರುತ್ತಿದ್ದ ನೀರು ಹಿಂದಕ್ಕೆ, ಋಣಧ್ರುವದ ಬಾವಿಗಳತ್ತ ತಿರುಗಿತು. ಮಣ್ಣು ಪೂರ್ತಿ ಒಣಗಬೇಕಿರಲಿಲ್ಲ, ನೀರಿನ ದಿಕ್ಕು ಬದಲಾದದ್ದೇ ದಡಕ್ಕೆ ಆಸರೆಯಾಯಿತು.

ಹಾಗಾದರೆ ನಮ್ಮ ಊರುಗಳಲ್ಲಿ ಇದು ಯಾಕೆ ಕಾಣುವುದಿಲ್ಲ? ಮೊದಲನೆಯದು ಕರೆಂಟ್ ಬಿಲ್. ಖಾಡಿಯ ಜೇಡಿಯಲ್ಲಿ ಉಪ್ಪು ಹೆಚ್ಚು. ಕರೆಂಟು ಧಾರಾಳವಾಗಿ ಹರಿಯುತ್ತದೆ, ನೀರು ಅದಕ್ಕೆ ತಕ್ಕಷ್ಟು ಬರುವುದಿಲ್ಲ. ಧನಧ್ರುವದ ಕಬ್ಬಿಣದ ಸರಳು ಸವೆದುಹೋಗುತ್ತದೆ, ಅದರ ಸುತ್ತ ಮಣ್ಣು ಒಣಗಿ ಬಿರುಕು ಬಿಡುತ್ತದೆ. ಸವೆಯದ, ಕರೆಂಟು ಹರಿಸುವ ಪ್ಲಾಸ್ಟಿಕ್ ಪಟ್ಟಿಗಳು ಈಚೆಗೆ ಬಂದಿವೆ. ಆದರೆ ನೀರು ಬಿಟ್ಟ ಜೇಡಿ ಕುಗ್ಗುತ್ತದೆ, ನೆಲ ಕೂರುತ್ತದೆ. ಖಾಲಿ ಬಯಲಿನಲ್ಲಾದರೆ ಬೇಕಾದದ್ದೇ ಅದು. ಹತ್ತಡಿ ಆಚೆ ನಾಲ್ಕು ಮಹಡಿಯ ಹಳೆಯ ಸೊಸೈಟಿ ಇದ್ದರೆ, ಅದರ ಒಂದು ಮೂಲೆ ಮಾತ್ರ ಕೂತೀತು. ಸರಳು ನೆಡುವ ಮೊದಲು ಪಕ್ಕದ ಗೋಡೆಗಳ ಅಳತೆ ತೆಗೆಯಬೇಕಾದದ್ದು ಅದಕ್ಕೇ.